ಐದೂವರೆ ಕಡಿಮೆ

ಕುತಾಯಿಸಿಯಲ್ಲಿ ಆ ಚಳಿಗಾಲ ಕರೆಂಟು
ಸಂಜೆ ಆರಕ್ಕೆ ಬಂದರೆ ಬಂತು,
ಎಂಟಕ್ಕೆ ಹೋದರೆ ಹೋಯಿತು.
ಅಷ್ಟರೊಳಗೇ ಆಗಬೇಕು ಸ್ನಾನ, ಇಸ್ತ್ರಿ, ನಿನ್ನೆಯ ಹುರುಳಿಸಾರು ಬಿಸಿ,
ನನ್ನ ತಮ್ಮ ನುಗ್ಝಾರನ ಡಿಸ್ಕು.

ಲಿಲೋ ಸಂತೆಯಲ್ಲಿ ಕೊಂಡು, ವ್ಯಾನಿನ ಸೀಟಿನಡಿ
ಉಣ್ಣೆಯ ಕಾಲುಚೀಲದೊಳಗೆ ತೂರಿಸಿ
ಬಾತುಮೊಟ್ಟೆ ತಂದ ಹಾಗೆ ತಂದಿದ್ದ.
ಉಣ್ಣೆಯೇ! ಕಿಡಿಯ ತವರುಮನೆ ಅದು ಎಂದು ಬೈದೆ.
(ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ರಸಾಯನ ಹೇಳಿದವಳು.)
"ಸ್ವೆಟರ್ ಬಿಚ್ಚು. ಮೊದಲು ಆ ಕಬ್ಬಿಣದ ಕೊಳಾಯಿ ಮುಟ್ಟಿ ಬಾ."
ಚಳಿಗೆ ನಡುಗುತ್ತಾ ಬನಿಯನ್ನಿನಲ್ಲಿ ಬಂದು ಕೂತ.
"ಎಂಬತ್ತು ಗಿಗಾ, ಲಮಾರಾ."
ಎಂಬತ್ತು ಕಿಲೋ ದ್ರಾಕ್ಷಿಯಾದರೆ ನನಗೆ ಗೊತ್ತು
ಎಷ್ಟು ಬುಟ್ಟಿ, ಎಷ್ಟು ಕಣಜ.

ಹಳೆಯ ಡಿಸ್ಕು ತುಂಬಿ ತುಳುಕುತ್ತಿತ್ತು.
ರಾಚಾ ಬೆಟ್ಟದ ಊರುಗಳಲ್ಲಿ ಪ್ಯಾಸೆಂಜರುಗಳನ್ನಿಳಿಸಿ,
ವಾಪಸು ಹೊರಡುವ ಮುಂಚಿನ ಗಂಟೆಯಲ್ಲಿ
ಯಾರದೋ ಮೇಜಿನ ಮೇಲೆ ಟೇಪು ಇಟ್ಟು ಹಿಡಿದದ್ದು:
ಮೂರು ದನಿಯ ಹಾಡು, ನಡುವೆ ಕೆಮ್ಮು,
ಹಾಡು ನಿಲ್ಲಿಸದೆಯೇ ಒಬ್ಬ ಕೋಳಿ ಅಟ್ಟಿದ್ದು.
ಕ್ಯಾಸೆಟ್ಟುಗಳಿಗೆ ಬೂಷ್ಟು. ಅದಕ್ಕೇ ಈ ಅವಸರ.

ಪೆಟ್ಟಿಗೆ ಬಿಚ್ಚಿದರೆ ದರ್ಜಿಯಂಗಡಿಯ ಮೂಲೆಯಷ್ಟು ಧೂಳು.
ಡಿಸ್ಕಿನ ಬೆನ್ನಿಗೊಂದು ಕರಿಯ ಜಂಪರ್,
ಜೋಳದ ನುಚ್ಚಿಗಿಂತ ತುಸು ದೊಡ್ಡದು:
ಇಲ್ಲಿ ಚುಚ್ಚಿದರೆ ಯಜಮಾನ, ಅಲ್ಲಿ ಚುಚ್ಚಿದರೆ ಆಳು.
ಮರಗಟ್ಟಿದ ಬೆರಳಿಂದ ಜಾರಿ ಅದು ಕಂಬಳಿಯಡಿ ಹೋಯಿತು.
ಯಜಮಾನಿಕೆ ಹುಡುಕುತ್ತಾ ಅಂಬೆಗಾಲಿಟ್ಟೆವು ಇಬ್ಬರೂ.
ಸಿಕ್ಕಿದ್ದು ನನಗೆ, ಹುಬ್ಬು ಕೀಳುವ ಚಿಮುಟದ ತುದಿಗೆ.

ಆರೂ ಇಪ್ಪತ್ತಕ್ಕೆ ಕರೆಂಟು.
ಒಂದೇ ಡಿಸ್ಕು ಇದೆ ಅಂದಿತು ಯಂತ್ರ.
ಆರಿಸಿ, ಪಟ್ಟಿ ತಂತಿಯನ್ನು ಹೆಬ್ಬೆರಳಿಂದ ಒತ್ತಿ, ಮತ್ತೆ ಹಚ್ಚಿದೆವು.
ಈಗ ಎರಡು: ಸೊನ್ನೆ, ಒಂದು.
ಎರಡನೆಯದಕ್ಕೆ ಒಂದು ಅನ್ನುವ ಲೆಕ್ಕ
ನಮ್ಮ ಶಾಲೆಯಲ್ಲಾಗಿದ್ದರೆ ಬೆತ್ತದೇಟು.

"ಮೂರು ಭಾಗ ಮಾಡ್ತೀನಿ," ಅಂದ,
"ಮೇಲ್ದನಿಗೊಂದು, ನಡುವಿಗೊಂದು, ಕೆಳದನಿಗೊಂದು."
"ಮೈಕು ಇದ್ದದ್ದೇ ಒಂದು. ಹೇಗೆ ಬಿಡಿಸ್ತೀಯ?"
ತಲೆ ಕೆರೆದುಕೊಂಡ. "ಹಾಗಾದರೆ ಪೂರ್ತಿ ಒಂದೇ."
"ಎರಡು," ಅಂದೆ. "ನನಗೊಂದು ಪಾಲು."

ತಿರುಗಿ ನೋಡಿದ.
"ಏನಿಡ್ತೀಯ ಅದರಲ್ಲಿ?"
"ಏನೂ ಇಲ್ಲ. ಖಾಲಿ ಇರಲಿ.
ಅಪ್ಪನ ದ್ರಾಕ್ಷಿತೋಟ ಹಂಚಿದ ದಿನ
ನೀವು ಮೂವರು ಗಂಡಸರು ಹಗ್ಗ ಹಿಡಿದು ಅಳೆದಿರಿ.
ನಾನು ಎಲ್ಲರಿಗೂ ಚಹಾ ಮಾಡಿದೆ."

ಅವನು ಮಾತಾಡಲಿಲ್ಲ.
ಪರದೆಯ ನೀಲಿ ಪಟ್ಟಿಯ ಅಂಚು ಹಿಡಿದು ಎಡಕ್ಕೆ ಎಳೆದ,
ಇನ್ನಷ್ಟು ಎಳೆದ, ಸರಿಯಾಗಿ ನಡುಮಧ್ಯಕ್ಕೆ.
ಬದು ಕಡಿದು ಬದು ಹಾಕಿದಷ್ಟು ಸಲೀಸು.

ಆಗಲೇ ಕಂಡದ್ದು: ಒಟ್ಟು ಎಪ್ಪತ್ತನಾಲ್ಕೂವರೆ.
"ಮೋಸ! ಲಿಲೋದ ಆ ಕಳ್ಳ..."
ತಾಳು ಅಂದು ಪೇಪರಿನ ಅಂಚಿನಲ್ಲಿ ಗುಣಿಸಿದೆ.
ಮಾರುವವನ ಸಾವಿರ ಬರೀ ಸಾವಿರ,
ಯಂತ್ರದ ಸಾವಿರಕ್ಕೆ ಮೇಲಿಷ್ಟು ಕೊಸರು.
ಯಾರೂ ಕದ್ದಿಲ್ಲ; ಆದರೂ ಐದೂವರೆ ಕಡಿಮೆ.

ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?
ಎಂದು ಕೇಳಿತು ಪರದೆ. ಇರುವುದೇನು, ಬರೀ ಬಯಲು.
ಆದರೂ ಅವನ ಬೆರಳು ಏಳಲಿಲ್ಲ.
"ಇದು ಸೊನ್ನೆಯೋ ಒಂದೋ?"
"ಒಂದು."
"ಇನ್ನೊಮ್ಮೆ ನೋಡು."
ನೋಡಿದೆ. "ಒಂದು." "ಆಣೆ?"
ನಾನೇ ಒತ್ತಿದೆ.

ಮೂವತ್ತು. ಐವತ್ತೆರಡು. ಕೆಳಮನೆಯ ಎಲಿಕೋ
ಕಡೆಯ ಗಳಿಗೆಯ ಇಸ್ತ್ರಿ ಹಚ್ಚಿದಳೇನೋ, ಬಲ್ಬು ಕಣ್ಣು ಕಿರಿದು ಮಾಡಿತು.
ಎಂಬತ್ತೊಂದು. ನನ್ನ ತೋಳು ಹಿಡಿದಿದ್ದ, ಗೊತ್ತಿಲ್ಲದೆ.
ತೊಂಬತ್ತಮೂರಕ್ಕೆ ಬೀದಿಯೇ ಕತ್ತಲಾಯಿತು.

ಡಿಸ್ಕು ಸುತ್ತು ಕಡಿಮೆ ಮಾಡುತ್ತಾ ಮಾಡುತ್ತಾ ನಿಂತ ಸದ್ದು.
"ನಾಳೆ ಮತ್ತೆ ಮೊದಲಿಂದ," ಅಂದ.
ಸ್ವೆಟರಿಗಾಗಿ ತಡಕಾಡುತ್ತಿದ್ದ, ಕುರ್ಚಿ ಬೀಳಿಸಿದ.
ಆಮೇಲೆ, ಬಹಳ ಹೊತ್ತಾದ ಮೇಲೆ:
"ಆ ಐದೂವರೆ ಯಾರ ಪಾಲಿಂದ ಹೋಯ್ತು, ಲಮಾರಾ?"

ನಾನು ಬೆಂಕಿಪೊಟ್ಟಣ ಹುಡುಕುತ್ತಿದ್ದೆ.